ಓದದೆ ಉಳಿದ ಮೂರನೆಯ ಪ್ರಕಟಣೆ

"ಡೆನಿಸ್, ನಿಲ್ಲು!"

ಕೆಮ್ಮಣ್ಣಿನ ಇಗರ್ಜಿಯ ಮೆಟ್ಟಿಲಲ್ಲಿ ಲೊರ್ನಾ ಅವನಿಗೆ ಅಡ್ಡ ನಿಂತಳು. ಪೂಜೆ ಮುಗಿಸಿ ಹೊರಟ ಹೆಂಗಸರೆಲ್ಲ ತಿರುಗಿ ನೋಡಿದರು. ನೋಡದೆ ಇರುತ್ತಾರೆಯೇ!

ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಹುಡುಗ ಹುಡುಗಿಯ ಹೆಸರು ಓದಬೇಕು. ಯಾರಿಗಾದರೂ ತಕರಾರಿದ್ದರೆ ಹೇಳಲಿ ಎಂದು. ಇವರಿಬ್ಬರ ಹೆಸರು ಎರಡು ಭಾನುವಾರ ಓದಿಯಾಗಿತ್ತು. ಇವತ್ತು ಮೂರನೆಯದು... ಪಾದ್ರಿಗಳು ಓದಲೇ ಇಲ್ಲ.

"ಓದಬೇಡಿ ಎಂದು ಹೇಳಿದ್ದು ನೀನಂತೆ. ಹೌದಾ?"

"ಹೌದು."

ಲೊರ್ನಾಳಿಗೆ ಜಗಳವಾಡುವ ತ್ರಾಣವೂ ಇರಲಿಲ್ಲ. ಐದು ಗಂಟೆಗೆ ಎದ್ದು ಅಡುಗೆ, ಸಂತೆಕಟ್ಟೆಯವರೆಗೆ ನಡಿಗೆ, ಉಡುಪಿಯ ಬಸ್ಸು, ಕಾಲೇಜಿನಲ್ಲಿ ಅದೇ ಬೀಜಗಣಿತ, ಮನೆಗೆ ಬಂದರೆ ತಿದ್ದಲು ಅರುವತ್ತು ಉತ್ತರ ಪತ್ರಿಕೆ. ಎರಡು ವರ್ಷದಿಂದ ಇದೇ. ಈಗ ಇದೊಂದು ಬಾಕಿ ಇತ್ತು.

'ಇವನಿಗೂ ನಾನು ಬೇಡವಾದೆನಾ...' ಕಣ್ಣು ತುಂಬಿತು.

"ನನ್ನಲ್ಲಿ ಎಂತ ತಪ್ಪು ಉಂಟು, ಹೇಳು."

"ಮದ್ರಾಸಿನಿಂದ ಕಾಗದ ಬಂದದ್ದು ನನಗೆ ಹೇಳಿದ್ದೀಯಾ ನೀನು?"

ಅವಳು ಬೆಚ್ಚಿದಳು. ಗಣಿತದಲ್ಲಿ ಪಿಎಚ್.ಡಿ.ಗೆ ಸೀಟು, ಮೂರು ವರ್ಷಕ್ಕೆ ವಿದ್ಯಾರ್ಥಿವೇತನ. ಆ ಕಾಗದವನ್ನು ಅವಳು ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟು ತಿಂಗಳಾಗಿತ್ತು.

"ನಿನಗೆ ಹೇಗೆ ಗೊತ್ತು?"

"ಲಕೋಟೆ ಆಗಿದ್ದರೆ ಗೊತ್ತಾಗ್ತಿರಲಿಲ್ಲ. ನೀನು ಉತ್ತರ ಬರೆಯಲಿಲ್ಲ ಅಂತ ಅವರು ಎರಡನೇ ಸಲ ಕಾರ್ಡು ಹಾಕಿದ್ದಾರೆ. ಕಾರ್ಡು, ಮಾರಾಯ್ತಿ! ತಂದು ಕೊಟ್ಟವನು ನಾನೇ ಅಲ್ವಾ?"

ಊರಿನ ಪೋಸ್ಟ್‌ಮ್ಯಾನ್ ಕೈಯಲ್ಲೇ ಗುಟ್ಟು ತರಿಸಿಕೊಂಡು ಅವನಿಂದಲೇ ಮುಚ್ಚಿಟ್ಟ ಜಾಣೆ ಇವಳು!

"ಹದಿನೈದರೊಳಗೆ ಉತ್ತರ ಬೇಕಂತೆ," ಅಂದ ಡೆನಿಸ್. "ಮೂರನೆಯದನ್ನೂ ಓದಿಸಿಬಿಟ್ಟರೆ ನೀನು ಆ ಕಾಗದ ಹರಿದು ಹಾಕ್ತೀ. ನನಗೆ ಗೊತ್ತುಂಟು."

"ನನಗೆ ಗಣಿತ ಸಾಕಾಗಿದೆ."

"ಸುಳ್ಳು. ಕಲಿಸಿ ಕಲಿಸಿ ಸಾಕಾಗಿದೆ. ಮೊನ್ನೆ ಹೊಳೆ ದಾಟುವ ದೋಣಿಯಲ್ಲಿ ಲೆಕ್ಕ ಮಾಡ್ತಾ ಕೂತು, ದಡ ಬಂದರೂ ಇಳಿಯದೆ ವಾಪಸ್ ಹೋದವಳು ಯಾರು?"

ಅಳುತ್ತಿದ್ದವಳಿಗೆ ನಗು ಬಂತು. ನಕ್ಕದ್ದಕ್ಕೆ ಮತ್ತೆ ಅಳು ಬಂತು.

"ಹೋಗ್ತೇನೆಂದರೆ ನೀನು ಬೇರೆಯವಳನ್ನು ನೋಡ್ತೀ ಅಂತ ಹೆದರಿದೆ, ಡೆನಿಸ್. ಆದರೆ ನನ್ನನ್ನು ಕೇಳದೆ ನಿಲ್ಲಿಸಿದ್ದು ತಪ್ಪು. ಎಲ್ಲರೆದುರು ನನ್ನ ಮಾನ ಹೋಯಿತು."

"ತಪ್ಪೇ. ಕೇಳಬೇಕಿತ್ತು." ಅವನು ತಲೆ ತಗ್ಗಿಸಿದ. "ಈಗ ಕೇಳ್ತೇನೆ. ನಿನಗೆ ಎಂತ ಬೇಕು?"

ಇಷ್ಟು ದಿನ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಎರಡೂ ಬೇಕು," ಅಂದಳು ಮೆಲ್ಲಗೆ. "ಮೊದಲು ಮದ್ರಾಸು. ನಾಳೆಯೇ ತಂತಿ ಕಳಿಸ್ತೇನೆ. ಆದರೆ ಆರು ತಿಂಗಳು ದಾಟಿದರೆ ಹೆಸರು ಮೊದಲಿಂದ ಓದಬೇಕಂತೆ, ಮೂರು ಸಲವೂ. ಊರಿಡೀ ನಗ್ತದೆ."

"ನಗಲಿ. ಮೂರು ಸಲವೂ ಎದುರಿಗೇ ನಿಂತು ಕೇಳ್ತೇನೆ. ನೀನು ಬಾ, ಸಾಕು."

"ವಾರಕ್ಕೊಂದು ಕಾಗದ ಬರೀತೇನೆ."

ಡೆನಿಸ್ ಅವಳ ಕೈ ಹಿಡಿದ.

"ಲಕೋಟೆಯಲ್ಲೇ ಹಾಕು, ಲೊರ್ನಾ. ಕಾರ್ಡು ಬೇಡ... ಪೋಸ್ಟಾಫೀಸಿನವರು ಓದ್ತಾರೆ!"