ಮೂರು ಸಾಲಿಗೆ ಇಳಿಸಿದ ಪತ್ರ

ಮೊದಲ ಭೇಟಿಯಲ್ಲೇ ಅವರು ನನ್ನನ್ನು ಕಲ್ಲು ಮನಸ್ಸಿನವಳು ಎಂದುಬಿಟ್ಟರು.

ನಮ್ಮ ಪತ್ರಿಕೆಯಲ್ಲಿ ಭಾನುವಾರಕ್ಕೊಮ್ಮೆ ಹೂಡಿಕೆದಾರರ ಪ್ರಶ್ನೋತ್ತರ ಅರ್ಧ ಪುಟ ಬರುತ್ತಿತ್ತು. ಓದುಗರ ಉದ್ದುದ್ದ ಪತ್ರಗಳನ್ನು ಮೂರು ಸಾಲಿಗೆ ಇಳಿಸುವುದು ನನ್ನ ಕೆಲಸ. ಉತ್ತರ ಬರೆಯುವುದು ಸಲಹೆಗಾರರ ಕೆಲಸ. ಹಳಬರು ಬಿಟ್ಟುಹೋದ ಮೇಲೆ ಆ ಜಾಗಕ್ಕೆ ಬಂದವರು ಇವರು.

ಜನ ಆಗ ಎಂತೆಂಥ ಪತ್ರ ಬರೆಯುತ್ತಿದ್ದರು! ಮಗಳ ಕಾಲೇಜು, ಗಂಡನ ಆಪರೇಷನ್, ಮಾತು ಬಿಟ್ಟ ತಮ್ಮ, ಎಲ್ಲ ಹೇಳಿಕೊಂಡು ಕೊನೆಯ ಪ್ಯಾರಾದಲ್ಲಿ ಮಾತ್ರ ಪ್ರಶ್ನೆ: ಜವಳಿ ಮಿಲ್ಲಿನ ಷೇರು ಮಾರಲೇ, ಇಟ್ಟುಕೊಳ್ಳಲೇ? ವಾರಕ್ಕೆ ಅರವತ್ತು ಪತ್ರ. ನಾನು ಕೊನೆಯ ಪ್ಯಾರಾದಲ್ಲೇ ಶುರುಮಾಡಿ ಅಲ್ಲೇ ಮುಗಿಸುತ್ತಿದ್ದೆ.

"ದುಡ್ಡು ಯಾವಾಗ ಬೇಕು, ಯಾರಿಗೆ ಬೇಕು ಅನ್ನೋದನ್ನೇ ಹೊಡೆದು ಹಾಕಿದ್ದೀರಲ್ಲ! ನಾನು ಏನಂತ ಸಲಹೆ ಕೊಡ್ಲಿ?"

"ಅರ್ಧ ಪುಟದಲ್ಲಿ ಅರ್ಧ ಪುಟದಷ್ಟೇ ಹಿಡಿಸೋದು ಸರ್."

"ಕಲ್ಲು ಮನಸ್ಸು ನಿಮ್ದು."

"ಇರ್ಬಹುದು. ಆದ್ರೆ ನಿಮ್ಮ ಕೈಬರಹ ಓದೋದು ಅದಕ್ಕಿಂತ ಕಷ್ಟ."

ಅವರು ನಕ್ಕುಬಿಟ್ಟರು. ನಗುವಾಗ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಸರಿಮಾಡಿಕೊಳ್ಳದೆ, ಅದರ ಮೇಲಿನಿಂದಲೇ ನನ್ನನ್ನು ನೋಡಿದರು. ಒಂದು ಗಳಿಗೆ ಹೆಚ್ಚೇ ನೋಡಿದರು. ನನ್ನ ಕಿವಿ ಬಿಸಿಯಾಯಿತು.

"ಇನ್ಮೇಲೆ ಪೂರ್ತಿ ಓದ್ತೀರಾ?"

"ಓದ್ತೀನಿ," ಎಂದೆ.

ಸುಮಾರು ದಿನ ಓದಿದೆ ಕೂಡ. ಉತ್ತರಗಳನ್ನು ಅಂಚೆಯಲ್ಲಿ ಕಳಿಸಿದ್ದರೂ ನಡೆಯುತ್ತಿತ್ತು. ಅವರು ಪ್ರತಿ ಮಂಗಳವಾರ ತಾವೇ ಬರುತ್ತಿದ್ದರು. ನಾನು ಪ್ರಶ್ನೆಗಳ ಹಾಳೆ ಕೊಡುತ್ತಿದ್ದೆ, ಅವರು ಎದುರಿನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರು. ನಡುವೆ ಎರಡು ಲೋಟ ಚಹಾ. ಬರೆಯುತ್ತ ಬರೆಯುತ್ತ ತಲೆಯೆತ್ತುತ್ತಿದ್ದರು. ನಾನು ಗಡಿಬಿಡಿಯಲ್ಲಿ ಕಿಟಕಿ ನೋಡುತ್ತಿದ್ದೆ. ಆ ಕಿಟಕಿಯಾಚೆ ಇದ್ದದ್ದು ಪಕ್ಕದ ಕಟ್ಟಡದ ಗೋಡೆ ಮಾತ್ರ.

"ಗೋಡೆ ಏನಂತೆ?" ಎಂದು ಕೇಳುತ್ತಿದ್ದರು.

"ಬಣ್ಣ ಬೇಕಂತೆ."

ಮನೆಯಲ್ಲಿ ಅಕ್ಕನಿಗೆ ಇದೆಲ್ಲ ಎಂದೋ ವಾಸನೆ ಬಡಿದಿತ್ತು. "ಮಂಗಳವಾರ ಬಂದ್ರೆ ಸಾಕು, ನಮ್ಮನೆ ಕನ್ನಡಿ ಸವೆದುಹೋಗುತ್ತೆ," ಎನ್ನುತ್ತಿದ್ದಳು. "ಹೋಗ್ಲಿ, ನನ್ನ ಸಿಮೆಂಟ್ ಷೇರು ಏನ್ಮಾಡ್ಲಿ ಅಂತ ಕೇಳೇ. ನಿನ್ನಿಂದ ನನಗೂ ಒಂದು ಉಪಕಾರ ಆಗ್ಲಿ."

ಹೀಗೆ ಒಂದೂವರೆ ವರ್ಷ. ಅವರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಆ ಸಲ ಸಿಮೆಂಟ್ ಕಂಪನಿಗಳ ಷೇರು ಒಂದೇ ಸಮನೆ ಕುಸಿಯಿತು. ಗಾಬರಿಬಿದ್ದ ಜನ ನೂರೈವತ್ತು ಪತ್ರ ಬರೆದರು. ನನಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಕೊಟ್ಟ ಮಾತು ಮರೆತು ಮತ್ತೆ ಕೊನೆಯ ಪ್ಯಾರಾಕ್ಕೆ ಇಳಿದೆ. ಆ ರಾಶಿಯಲ್ಲಿ ಮೂರು ಪುಟದ ಒಂದು ಪತ್ರವಿತ್ತು. ಟೈಪ್ ಮಾಡಿದ್ದು, ಹೆಸರಿಲ್ಲದ್ದು. ಅದು ಅವರದೆಂದು ನನಗೆ ಹೇಗೆ ಗೊತ್ತಾಗಬೇಕು? ಕೊನೆಯಲ್ಲಿ ಹೀಗಿತ್ತು: "ಹೊರದೇಶದಲ್ಲಿ ಕೆಲಸ ಸಿಕ್ಕಿದೆ. ಆಕೆ ಒಪ್ಪಿದರೆ ಹೋಗುವುದಿಲ್ಲ. ಉಳಿತಾಯವೆಲ್ಲ ಬಾಂಡಿನಲ್ಲಿದೆ. ಇರಲಿ ಎಂದು ಬಿಡಲೇ, ಮುರಿಸಿ ವಿದೇಶಿ ಕರೆನ್ಸಿಗೆ ಬದಲಾಯಿಸಲೇ?"

ಯಾವನೋ ಪಾಪದವನ ಮದುವೆ ಗೊಂದಲ ಎಂದುಕೊಂಡು, 'ಆಕೆ ಒಪ್ಪಿದರೆ' ಎಂಬ ಸಾಲನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದು ಹಾಕಿದೆ.

ಮಂಗಳವಾರ ಅವರು ಬಂದರು. ಹೊಸ ಅಂಗಿ ತೊಟ್ಟಿದ್ದರು. ನಾನು ಎಂದಿನಂತೆ ಹಾಳೆ ಕೊಟ್ಟೆ. ಅವರ ಬೆರಳು ಬಾಂಡಿನ ಆ ಏಳನೇ ಪ್ರಶ್ನೆಯ ಮೇಲೆ ನಿಂತಿತು.

"ಇಷ್ಟೇನಾ?"

"ಇಷ್ಟೇ ಸರ್."

"ಉಳಿದದ್ದು?"

"ಉಳಿದದ್ದೆಲ್ಲ ಬೇಡದ್ದು," ಎಂದೆ. ನಗುನಗುತ್ತಲೇ ಎಂದೆ.

ಅವರು ತಲೆಯೆತ್ತಲಿಲ್ಲ. ಏಳನೇ ಪ್ರಶ್ನೆಗೆ "ಮುರಿಸಿ, ಬದಲಾಯಿಸಿಕೊಳ್ಳಿ" ಎಂದು ಎರಡೇ ಮಾತು ಬರೆದು, ಚಹಾ ಮುಟ್ಟದೆ ಹೊರಟರು. ಮುಂದಿನ ವಾರದ ಉತ್ತರಗಳು ಅಂಚೆಯಲ್ಲಿ ಬಂದವು. ಅದರ ಮುಂದಿನ ವಾರವೂ ಅಷ್ಟೇ. ಸಲಹೆಗಾರರು ತಿಂಗಳ ಕೊನೆಗೆ ಬಿಡುತ್ತಾರಂತೆ, ಹೊರದೇಶಕ್ಕೆ ಹೋಗುತ್ತಾರಂತೆ ಎಂದು ಸಂಪಾದಕರು ಹೇಳಿದರು. ಹೇಳದೆ ಹೊರಟರಲ್ಲ ಎಂದು ನನಗೆ ಸಿಟ್ಟು ಬಂತು. ಹೊರದೇಶ, ಏಳನೇ ಪ್ರಶ್ನೆ ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಮಾತ್ರ ಬರಲಿಲ್ಲ.

ಆ ಬುದ್ಧಿ ತಂದುಕೊಟ್ಟವರು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಏಳನೇ ಪ್ರಶ್ನೆಯಿದ್ದ ಪತ್ರಿಕೆಯ ತುಂಡನ್ನು ಹಿಡಿದು ನೇರ ನನ್ನ ಮೇಜಿಗೇ ಬಂದರು.

"ನೋಡಮ್ಮ, ಇದನ್ನ ಓದಿ ನಾನೂ ಬಾಂಡ್ ಮುರಿಸೋಕೆ ಹೊರಟಿದ್ದೆ. ದಂಡ ಎಷ್ಟು ಅಂತ ಕೇಳಿ ಎದೆ ಧಸಕ್ಕಂತು. ಅವಧಿಗೆ ಮುಂಚೆ ಮುರಿಸ್ಬೇಡಿ ಅಂತ ಬಾಯಿ ಬಡ್ಕೊಳ್ಳೋರು ಈ ಸಲಹೆಗಾರರೇ ಅಲ್ವಾ? ಆ ಪತ್ರದಲ್ಲಿ ಇನ್ನೇನೋ ಇರ್ಬೇಕು. ತೆಗೆದು ನೋಡು."

ಮೂಲ ಪತ್ರಗಳನ್ನು ಮೂರು ತಿಂಗಳು ಕಟ್ಟಿಡುತ್ತಿದ್ದೆವು. ಕಟ್ಟು ಬಿಚ್ಚಿ ಆ ಪತ್ರ ಹುಡುಕಿ, ಮೊದಲ ಪುಟ ಓದತೊಡಗಿದೆ.

"ಮಂಗಳವಾರಗಳಲ್ಲಿ ನನ್ನೆದುರು ಕೂತು ಗೋಡೆ ನೋಡುವ ಒಬ್ಬರಿದ್ದಾರೆ," ಎಂದು ಶುರುವಾಗಿತ್ತು. ಪೆನ್ಸಿಲ್ ಕಚ್ಚುವ ನನ್ನ ಅಭ್ಯಾಸ ಅದರಲ್ಲಿತ್ತು. ನಾನು ಕೆಮ್ಮುತ್ತಿದ್ದ ವಾರ ಅವರಿಗೆ ನಿದ್ದೆ ಬಾರದ್ದು ಇತ್ತು. ಎದುರಿಗೆ ಹೇಳಲು ನಾಲಗೆ ಏಳುವುದಿಲ್ಲ, ಪತ್ರವಾದರೆ ಆಕೆ ಪೂರ್ತಿ ಓದುತ್ತಾರೆ ಎಂದಿತ್ತು.

"ಏನಮ್ಮ, ಅಳ್ತಿದ್ದೀಯಾ?" ಎಂದರು ಪೋಸ್ಟ್‌ಮ್ಯಾನ್.

"ನಿಮ್ಮ ಬಾಂಡ್ ಹಾಗೇ ಇರ್ಲಿ ಯಜಮಾನ್ರೇ," ಎಂದು ಪತ್ರ ಮಡಚಿಕೊಂಡು ಓಡಿದೆ.

ಸಲಹೆಗಾರರ ಆಫೀಸು ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಹೊರಗಿನ ಬೆಂಚಿನ ಮೇಲೆ ಒಬ್ಬ ನರ್ಸು, ಒಬ್ಬ ದರ್ಜಿ, ಇಳಿವಯಸ್ಸಿನ ದಂಪತಿ ತಮ್ಮ ಸರದಿಗೆ ಕಾಯುತ್ತಿದ್ದರು. ನಾನು ಯಾರನ್ನೂ ಕೇಳದೆ ಒಳಗೆ ನುಗ್ಗಿ, ಪತ್ರವನ್ನು ಅವರ ಮುಂದಿಟ್ಟೆ.

ಅವರ ಮುಖ ಬಿಳಿಚಿಕೊಂಡಿತು. "ಅದಕ್ಕೆ ಉತ್ತರ ಕೊಟ್ಟಾಯ್ತಲ್ಲ."

"ಉತ್ತರ ಕೊಡ್ಬೇಕಾದವಳು ನಾನು. ನೀವ್ಯಾಕೆ ಕೊಟ್ರಿ?"

"ನೀವೇ ಬೇಡದ್ದು ಅಂದ್ರಿ."

"ಓದದೇ ಅಂದೆ. ಕೊನೇ ಪ್ಯಾರಾ ಬಿಟ್ರೆ ಒಂದಕ್ಷರ ಓದಿರ್ಲಿಲ್ಲ. ತಪ್ಪಾಯ್ತು. ನೀವು ಬರದ ಮಂಗಳವಾರ ಹೇಗಿರುತ್ತೆ ಅಂತ ಎರಡು ವಾರದಿಂದ ನೋಡ್ತಿದ್ದೀನಿ. ನನಗದು ಬೇಡ. ಹೋಗ್ಬೇಡಿ. ನಾನು ಒಪ್ಪಿದ್ದೀನಿ."

ಬಾಗಿಲಾಚೆಯ ಬೆಂಚಿನಿಂದ ನರ್ಸಿನ ದನಿ ಕೇಳಿಸಿತು. "ಸರ್, ನಮ್ಮದೇನೂ ಅರ್ಜೆಂಟಿಲ್ಲ. ಅವರದ್ದು ಮೊದ್ಲು ಮುಗಿಸಿ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬಾಂಡ್ ಮುರಿಸಿಬಿಟ್ಟೆ," ಎಂದರು.

"ಅಯ್ಯೋ! ದಂಡ ಬಿತ್ತಾ?"

"ಬೀಳದೇ ಇರುತ್ತಾ? ನನ್ನ ಸಲಹೆ ಕೇಳಿ ಕೆಟ್ಟ ಮೊದಲನೇ ಗಿರಾಕಿ ನಾನೇ."

ನಾನು ಅಳುತ್ತ ನಕ್ಕೆ. ಅವರು ನನ್ನ ಕೈ ಹಿಡಿದುಕೊಂಡರು, ಬಿಡದೆಯೇ ಇನ್ನೊಂದು ಕೈಯಲ್ಲಿ ಫೋನ್ ಎತ್ತಿಕೊಂಡು ಆ ಹೊರದೇಶದ ಕಂಪನಿಯ ಇಲ್ಲಿನ ಆಫೀಸಿಗೆ ಮಾಡಿದರು.

"ನಾನು ಬರೋದಿಲ್ಲ," ಎಂದರು. "ಇಲ್ಲ, ಸಂಬಳದ ಮಾತಲ್ಲ. ಮದುವೆ ಇದೆ."

ಯಾರದು ಎಂದು ಆ ಕಡೆಯವರು ಕೇಳಿದ್ದು ನನಗೂ ಕೇಳಿಸಿತು.

"ನಂದೇ," ಎಂದರು. ಆ ಮಾತಾಡುವಾಗ ಅವರ ದನಿ ನಡುಗಿತ್ತು. ಇಪ್ಪತ್ತೇಳು ವರ್ಷ ಒಟ್ಟಿಗೆ ಬಾಳಿದ ಮೇಲೂ, ಅದು ನೆನಪಾದರೆ ನನಗೆ ಕಣ್ಣು ತುಂಬಿ ಬರುತ್ತದೆ.