ಎಡಗಣ್ಣಿನ ಕತ್ತಲು

ದುರ್ಬೀನಿನ ಎಡಗಣ್ಣು ಕುರುಡಾಗಿತ್ತು. ಹಡಗಿನ ಕಂಪನಿಯವರು ಅದನ್ನು ನೋಡಲು ಮಧ್ಯಾಹ್ನ ಬರುವವರಿದ್ದರು. ಯೇನಾ ಊರಿನ ಆ ಪುಟ್ಟ ಕಾರ್ಖಾನೆಯ ಯಜಮಾನ ಓಟ್ಮರ್, ಒಳಗಿನ ಗಾಜಿನ ಪಟ್ಟಕಗಳನ್ನು ಕೂರಿಸಿದ್ದ ಬ್ರೂನೋನನ್ನು ಕೆಲಸದಿಂದ ತೆಗೆಯಲು ಹೊರಟಿದ್ದ. ಅದಕ್ಕೆ ಮೊದಲು ಒಂದು ಮಾತು ಕೇಳಿಬಿಡೋಣವೆಂದು ಮಹಡಿಯ ಬಾಡಿಗೆದಾರಳಾದ ಥೆಕ್ಲಾಳನ್ನು ಕರೆಸಿದ. ಊರಿನ ಎಷ್ಟೋ ಕಳವುಗಳನ್ನು ಪತ್ತೆ ಮಾಡಿದ್ದ ಮುದುಕಿ ಆಕೆ. ಸಂಜೆ ಅವಳೊಡನೆ ಚದುರಂಗ ಆಡುವುದೇ ವಿಧುರ ಓಟ್ಮರನಿಗೆ ಉಳಿದಿದ್ದ ಸಂಸಾರ.

"ನಿನ್ನೆ ಹೇಗಿತ್ತು?" ಎಂದಳು ಥೆಕ್ಲಾ.

"ಚೆನ್ನಾಗೇ ಕಾಣ್ತಿತ್ತು. ಆದ್ರೆ ಒಳಗೆ ಪಟ್ಟಕ ಸಡಿಲವಾಗಿ ಲೊಟಲೊಟ ಅಂತಿತ್ತು. ಬೆಳಗ್ಗೆ ಬಂದ ಕೂಡ್ಲೇ ಬಿಗಿ ಮಾಡೋ ಅಂತ ಇವನಿಗೆ ಬೈದಿದ್ದೆ."

"ನಾನು ಮುಟ್ಟೋಕೆ ಮುಂಚೇನೇ ಹೀಗಾಗಿತ್ತು ಯಜಮಾನ್ರೇ," ಎಂದ ಬ್ರೂನೋ.

"ಹೂಂ, ದೆವ್ವ ಬಂದು ಕೆಡಿಸ್ತೇನೋ!"

ಥೆಕ್ಲಾ ದುರ್ಬೀನನ್ನು ಕಿವಿಯ ಬಳಿ ಅಲ್ಲಾಡಿಸಿದಳು. ಸದ್ದಿಲ್ಲ. ಮೂಸಿ ನೋಡಿದಳು. ಬೆಂಚುಗಳ ನಡುವೆ ನಡೆದು, ಮೂಲೆಯಲ್ಲಿ ಮಸೂರ ಅಂಟಿಸುವ ಬೆಂಚಿನ ಪಕ್ಕ ರಾಳ ಕಾಯುತ್ತಿದ್ದ ಒಲೆಯ ಮುಂದೆ ಒಂದು ಗಳಿಗೆ ನಿಂತಳು.

"ಎಲ್ಲರನ್ನೂ ಕರೀರಿ ಓಟ್ಮರ್."

ಕೆಲಸಗಾರರು ಸುತ್ತ ನೆರೆದರು.

"ಮಸೂರ ಜೋಡಿಸೋರಿಗೆ ಗಾಳಿ ಶತ್ರು. ಎರಡು ಗಾಜಿನ ನಡುವೆ ಅದು ಉಳೀಬಾರದು ಅಂತ ರಾಳದ ಅಂಟು ತುಂಬ್ತಾರೆ. ಪಟ್ಟಕಕ್ಕೆ ಆ ಗಾಳಿನೇ ಕನ್ನಡಿ. ಒಳಗೆ ಓರೆಯಾಗಿ ಬಂದ ಬೆಳಕು, ಗಾಜಿನಾಚೆ ಬರೀ ಗಾಳಿ ಇದ್ರೆ, ಪೂರ್ತಿ ವಾಪಸ್ ತಿರುಗುತ್ತೆ. ಅಲ್ಲಿ ಅಂಟು ತುಂಬಿದ್ರೆ ಅದರೊಳಕ್ಕೆ ನುಗ್ಗಿ, ಹಿಂದಿರೋ ಕಪ್ಪು ತಗಡಿಗೆ ಬಡಿದು ಸತ್ತೋಗುತ್ತೆ. ಅಲ್ಲಾಡ್ತಿದ್ದ ಪಟ್ಟಕ ಇವತ್ತು ಅಲ್ಲಾಡಲ್ಲ, ಒಳಗಿಂದ ರಾಳದ ವಾಸನೆ. ಕೆಡಿಸೋ ಮನಸ್ಸಿದ್ದೋರು ಒಡೆದು ಹಾಕ್ತಿದ್ರು. ಇದು ರಿಪೇರಿ. ಪಟ್ಟಕದ ಕೆಲಸ ಗೊತ್ತಿರೋ ಬ್ರೂನೋ ಇಂಥ ರಿಪೇರಿ ಮಾಡೋದಿಲ್ಲ, ಮಸೂರದ ಅಂಟಷ್ಟೇ ಗೊತ್ತಿರೋರು ಮಾಡ್ತಾರೆ."

ಎಲ್ಲರೂ ಮೂಲೆಯತ್ತ ತಿರುಗಿದರು. ಮಸೂರ ಅಂಟಿಸುವ ಹೆಂಗಸು ತಲೆ ತಗ್ಗಿಸಿ ನಿಂತಿದ್ದಳು.

"ಅವನಿಗೆ ಮತ್ತೆ ಬೈಗುಳ ಬೀಳಬಾರ್ದು ಅಂತ ನಿನ್ನೆ ಎಲ್ಲರೂ ಹೋದ್ಮೇಲೆ ನಾನೇ ಅಂಟು ಹಾಕ್ದೆ. ಇಲ್ಲಿ ನನ್ನನ್ನ ಮಾತಾಡ್ಸೋನು ಅವನೊಬ್ಬನೇ. ಹೇಳೋಣ ಅಂದ್ಕೊಂಡೆ, ನಿಮ್ಮ ಕೂಗಾಟ ಕೇಳಿ ಬಾಯೇ ಬರಲಿಲ್ಲ ಯಜಮಾನ್ರೇ."

"ಬ್ರೂನೋ, ನೀನು ಹೋಗೋದು ಬೇಡ," ಎಂದ ಓಟ್ಮರ್. ನಂತರ ಆಕೆಗೂ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅವಳ ಹೆಸರೇ ಅವನಿಗೆ ನೆನಪಾಗಲಿಲ್ಲ.

"ಹೆಡ್ವಿಗಮ್ಮ, ಸ್ಪಿರಿಟ್ ತಗೊಳ್ಳಿ," ಎಂದ ಬ್ರೂನೋ. "ಕಂಪನಿಯವರು ಬರೋದ್ರೊಳಗೆ ಅಂಟು ಬಿಡಿಸೋಣ."

ಮೂಲೆಯ ಅವಳ ಬೆಂಚಿನ ಬಳಿ ಎರಡನೆಯವರು ಕೂರಲು ಏನೂ ಇರಲಿಲ್ಲ. ಬ್ರೂನೋ ಒಂದು ಖಾಲಿ ಪೆಟ್ಟಿಗೆಯನ್ನು ಎಳೆದುಕೊಂಡ.