ಹೊಲಿಗೆಯಂಚಿನ ತೇವ

ಮೆಕ್ಯಾನಿಕ್ ಅವಳನ್ನು ಮೊದಲ ಸಲ ಕಂಡಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂರನೇ ಡ್ರೈಯರ್‌ನ ದುಂಡು ಬಾಗಿಲು ತೆರೆದಿತ್ತು. ಅದರಿಂದ ಆಗಷ್ಟೇ ತೆಗೆದ ಬಿಳಿ ಬೆಡ್‌ಶೀಟಿನ ಅಂಚನ್ನು ಅವಳು ಕೆನ್ನೆಗೆ ಒತ್ತಿಕೊಂಡು ನಿಂತಿದ್ದಳು. ಯಂತ್ರದ ಬಿಸಿಗೆ ಹಣೆಯ ಕೂದಲು ಅಂಟಿಕೊಂಡಿತ್ತು. ನಿದ್ದೆ ಹೋದ ಮಗುವಿನ ಉಸಿರನ್ನು ಆಲಿಸುವ ತಾಯಿಯ ಮುಖದಲ್ಲಿರುವಂಥ ಗಮನ ಅವಳ ಮುಖದಲ್ಲಿತ್ತು. ಕರೆಯಲು ಅವನಿಗೆ ಮನಸ್ಸು ಬರಲಿಲ್ಲ. ಟೂಲ್ ಬಾಕ್ಸ್ ಹಿಡಿದುಕೊಂಡೇ ನಿಂತ.

"ಯಾರು ಬೇಕಿತ್ತು?" ಕಣ್ಣು ತೆರೆದವಳೇ ಶೀಟನ್ನು ಸರಕ್ಕನೆ ಕೆಳಗಿಳಿಸಿ ಕೇಳಿದಳು.

"ಕಂಪನಿಯಿಂದ ಬಂದಿದೀನಿ ಮೇಡಂ. ಡ್ರೈಯರ್‌ಗಳಿಗೆ ಸೆನ್ಸರ್ ಹಾಕೋಕೆ."

"ಅದೇನು ಮಾಡತ್ತೆ?"

"ಬಟ್ಟೆ ಒಣಗಿದೆಯಾ ಇಲ್ವಾ ಅಂತ ಯಂತ್ರವೇ ತಿಳ್ಕೊಂಡು ನಿಲ್ಲತ್ತೆ."

"ಹನ್ನೊಂದು ವರ್ಷದಿಂದ ಇಲ್ಲಿ ಅದನ್ನ ತಿಳ್ಕೊಳ್ತಿರೋಳು ನಾನು," ಎಂದಳು. "ನನ್ನ ಅನ್ನಕ್ಕೇ ಕೈ ಹಾಕೋಕೆ ಬಂದಿದೀರಿ ಅನ್ನಿ."

ಅವನು ತಲೆ ತಗ್ಗಿಸಿ ಮೊದಲನೇ ಡ್ರೈಯರ್‌ನ ಸ್ಕ್ರೂ ಬಿಚ್ಚಲು ಕೂತ.

ಅವನಿಗೆ ಮೂವತ್ತೊಂಬತ್ತು. ಊರೂರು ಸುತ್ತುವ ಕೆಲಸ. ಒಂದು ಸಲ ಮದುವೆ ನಿಶ್ಚಯವಾಗಿ, 'ಮನೇಲಿ ಇರೋದೇ ಇಲ್ಲ ಅಂದ್ರೆ ಹೇಗೆ' ಎಂಬ ಮಾತಿಗೆ ಮುರಿದುಬಿದ್ದಿತ್ತು. ಆಮೇಲೆ ಅವನೂ ಹುಡುಕಲಿಲ್ಲ. ಅವಳು ಅವನಿಗಿಂತ ಮೂರು ವರ್ಷ ಚಿಕ್ಕವಳು. ತಂದೆ ತೀರಿಕೊಂಡಾಗ ಲಾಂಡ್ರಿ ಸೇರಿದವಳು, ತಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಇದನ್ನೆಲ್ಲ ಅವನಿಗೆ ಹೇಳಿದವರು ಲಾಂಡ್ರಿಯ ಸೂಪರ್‌ವೈಸರ್. ನಿವೃತ್ತಿಗೆ ಹತ್ತಿರವಾಗಿದ್ದ ಅವರನ್ನು ಅಲ್ಲಿ ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು.

"ಆ ಹುಡುಗಿ ಬೆರಳಿಟ್ಟು ಸರಿ ಅಂದ್ರೆ ಸರಿ ಕಣಪ್ಪಾ," ಎಂದಿದ್ದರು ದೊಡ್ಡಪ್ಪ. "ನಿನ್ನ ಸೆನ್ಸರ್ ಇರಲಿ. ಕೊನೇ ಮಾತು ಅವಳದ್ದೇ."

ಕೆಲಸ ಆರು ವಾರದ್ದು. ದಿನ ಕಳೆದಂತೆ ಅವಳ ಮುನಿಸು ಕರಗಿ, ಕುತೂಹಲ ಇಣುಕಿತು. ಒಂದು ಮಧ್ಯಾಹ್ನ ಬಂದು ಅವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಳು.

"ಈ ಎರಡು ತಗಡಿನ ಪಟ್ಟಿಗೆ ಒಣಗಿದ್ದು ಹೇಗೆ ಗೊತ್ತಾಗತ್ತೆ?"

"ಬಟ್ಟೆ ತಿರುಗ್ತಾ ತಿರುಗ್ತಾ ಎರಡನ್ನೂ ಒಟ್ಟಿಗೆ ಮುಟ್ಟತ್ತೆ. ಒದ್ದೆ ಇದ್ರೆ ಒಂದರಿಂದ ಇನ್ನೊಂದಕ್ಕೆ ಒಂಚೂರು ಕರೆಂಟ್ ಹರಿಯತ್ತೆ. ಒಣಗ್ತಾ ಬಂದ ಹಾಗೆ ಹರಿಯೋದು ಕಮ್ಮಿ ಆಗತ್ತೆ."

"ಅಂದ್ರೆ ಮುಟ್ಟಿದ್ರೇ ಗೊತ್ತಾಗೋದು."

"ಮುಟ್ಟಿದ್ರೇ."

ಅವಳು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಅವನು ಅದನ್ನು ಗಮನಿಸಿದ, ಅರ್ಥ ಮಾತ್ರ ಆಗಲಿಲ್ಲ. ಅವನ ಗಮನವೆಲ್ಲ ಅವಳ ಕಿವಿಯ ಪಕ್ಕದಲ್ಲಿ ಜಾರಿ ಬಿದ್ದಿದ್ದ ಕೂದಲಿನ ಮೇಲಿತ್ತು.

ಊರಿನಲ್ಲಿದ್ದ ತಂಗಿ ಫೋನಿನಲ್ಲಿ ನಕ್ಕಿದ್ದಳು. "ಅಣ್ಣಾ, ಇಷ್ಟು ದಿನ ಬರೀ ಡ್ರೈಯರ್ ಸುದ್ದಿ ಹೇಳ್ತಿದ್ದೆ. ಈಗ ಡ್ರೈಯರ್ ಪಕ್ಕ ನಿಂತೋರ ಸುದ್ದೀನೂ ಬರ್ತಿದೆ!"

ಅವನು ಸುಳ್ಳು ಹೇಳಲಿಲ್ಲ. ಅವಳು ಶೀಟನ್ನು ಕೆನ್ನೆಗೆ ಒತ್ತಿಕೊಳ್ಳುವ ಆ ಒಂದು ಕ್ಷಣಕ್ಕಾಗಿ ಅವನು ದಿನಕ್ಕೆ ಹತ್ತು ಸಲ ಕೆಲಸ ನಿಲ್ಲಿಸುತ್ತಿದ್ದ. ಆಸ್ಪತ್ರೆಯ ಬಟ್ಟೆಯ ಮೇಲೆ ಇಷ್ಟು ಅಕ್ಕರೆ ಇಟ್ಟವರನ್ನು ತಾನು ಎಲ್ಲೂ ನೋಡಿಲ್ಲ ಅಂದುಕೊಂಡಿದ್ದ. ಒಂದು ದಿನ ಅವಳು ಹಾಗೆ ನಿಂತಾಗ, ಅವಳ ಕಣ್ಣು ತನ್ನ ಕಡೆ ಹೊರಳಲಿ ಎಂಬ ಆಸೆಗೆ, ಗೋಡೆಯ ಮೇಲಿನ ನೋಟೀಸು ತೋರಿಸಿ ಹೇಳಿಬಿಟ್ಟ:

"ಮೇಡಂ, ಒಗೆದ ಬಟ್ಟೆಗೆ ಮುಖ ತಾಗಿಸಬಾರದು ಅಂತ ಅಲ್ಲಿ ಬರೆದಿದಾರೆ. ದೊಡ್ಡಪ್ಪನಿಗೆ ಹೇಳಿಕೊಡ್ಲಾ?"

ತಮಾಷೆಗೆ ಅಂದ ಮಾತು. ಅಲ್ಲಿದ್ದ ಇಬ್ಬರು ಹೆಂಗಸರು ನಕ್ಕರು. ಅವಳ ಮುಖ ಕೆಂಪಾಯಿತು. ನಾಚಿದಳು ಎಂದು ಅವನು ಒಳಗೊಳಗೇ ಹಿಗ್ಗಿದ. ಅಂದಿನಿಂದ ಅವಳು ಕೆನ್ನೆ ತಾಗಿಸುವುದನ್ನು ಬಿಟ್ಟಳು. ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹೊಲಿಗೆಯಂಚನ್ನು ಹಿಡಿದು, ಸ್ವಲ್ಪ ಹೊತ್ತು ನಿಂತು, ಬಟ್ಟೆಯನ್ನು ಟ್ರಾಲಿಗೆ ಹಾಕುತ್ತಿದ್ದಳು.

ಎಂಟು ದಿನದ ಮೇಲೆ ಸುಟ್ಟಗಾಯದ ವಾರ್ಡಿನ ಸಿಸ್ಟರ್ ಬೆಳಿಗ್ಗೆಯೇ ಲಾಂಡ್ರಿಗೆ ಇಳಿದು ಬಂದರು. ಕೈಯಲ್ಲಿ ಒಂದು ಶೀಟಿತ್ತು.

"ಮುಟ್ಟಿ ನೋಡಿ," ಎಂದರು ದೊಡ್ಡಪ್ಪನಿಗೆ. "ಅಂಚೆಲ್ಲ ತೇವ. ಬೆನ್ನು ಸುಟ್ಟುಕೊಂಡ ಹೆಂಗಸಿನ ಕೆಳಗೆ ಹಾಸಿದೀವಿ ಇದನ್ನ. ಡ್ರೆಸ್ಸಿಂಗಿಗೆ ತೇವ ಇಳಿದು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಯ್ತು. ಆಯಮ್ಮ ಕೂಗಿದ್ದು ಕೆಳಗಿನ ಮಹಡಿಗೂ ಕೇಳಿರಬೇಕು."

ದೊಡ್ಡಪ್ಪ ನೇರವಾಗಿ ಮೆಕ್ಯಾನಿಕ್ ಕಡೆ ತಿರುಗಿದರು.

"ಕಿತ್ತು ಹಾಕು ನಿನ್ನ ತಗಡನ್ನ! ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ."

ಅವನು ಅವಳನ್ನು ನೋಡಿದ. ಅವಳು ಗೋಡೆ ನೋಡುತ್ತಿದ್ದಳು.

ಅಂದು ಮಧ್ಯಾಹ್ನ ಅವನು ಮೂರನೇ ಡ್ರೈಯರ್‌ನೊಳಗೆ ತಲೆ ಹಾಕಿ ಪಟ್ಟಿಗಳನ್ನು ಒರೆಸಿ ನೋಡಿದ. ಸಾಬೂನಿನ ಜಿಡ್ಡು ಕಟ್ಟಿದರೆ ಒದ್ದೆ ಬಟ್ಟೆಯೂ ಒಣಗಿದಂತೆ ತೋರುವುದುಂಟು. ಪಟ್ಟಿಗಳು ಸ್ವಚ್ಛವಾಗಿದ್ದವು. ಆಮೇಲೆ ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ಕಾಗದದ ಮೇಲೆ ಮುದ್ರಿಸಿ ತೆಗೆದ. ಆ ಶೀಟು ಇದ್ದ ಲೋಡಿನ ಮುಂದೆ ಸ್ಪಷ್ಟವಾಗಿತ್ತು: ತೇವ ಶೇಕಡಾ ಹದಿನಾಲ್ಕು. ಯಂತ್ರ ಇನ್ನೂ ಓಡಬೇಕೆಂದಿತ್ತು. ಯಾರೋ ನಿಲ್ಲಿಸುವ ಬಟನ್ ಒತ್ತಿದ್ದರು.

ಆ ಬಟನ್ ಒತ್ತುವ ಅಧಿಕಾರ ಇದ್ದದ್ದು ಒಬ್ಬಳಿಗೇ.

ಊಟದ ಹೊತ್ತಿನಲ್ಲಿ ಲಾಂಡ್ರಿ ಖಾಲಿಯಾಗಿತ್ತು. ಅವನು ಆ ಕಾಗದವನ್ನು ಬಟ್ಟೆ ಮಡಿಸುವ ಮೇಜಿನ ಮೇಲೆ, ಅವಳ ಮುಂದೆ ಇಟ್ಟ. ಅವಳು ಓದಿದಳು.

"ಪಟ್ಟಿಗೆ ಜಿಡ್ಡು ಹಿಡಿದಿರತ್ತೆ."

"ಹಿಡಿದಿಲ್ಲ. ಒರೆಸಿ ನೋಡಿದೆ."

ಆಮೇಲೆ ಅವಳೇ ಎದ್ದು, ಒಂದು ಒಣಗಿದ ದಿಂಬಿನ ಕವರನ್ನೂ ಅರೆಬರೆ ಒಣಗಿದ ಇನ್ನೊಂದನ್ನೂ ತಂದು ಮೇಜಿನ ಮೇಲಿಟ್ಟಳು. ಕಣ್ಣು ಮುಚ್ಚಿದಳು. "ಅದಲು ಬದಲು ಮಾಡಿ," ಎಂದಳು. ಅವನು ಮಾಡಿದ. ಅವಳ ಬೆರಳುಗಳು ಒಂದರಿಂದ ಇನ್ನೊಂದಕ್ಕೆ ಹೋದವು, ಮತ್ತೆ ಹಿಂದಕ್ಕೆ ಬಂದವು, ಮತ್ತೆ ಹೋದವು.

"ಎರಡೂ ಒಂದೇ," ಎಂದಳು. ಮುಚ್ಚಿದ ಕಣ್ಣಿನಿಂದ ನೀರಿಳಿಯಿತು. "ಒಂದೂವರೆ ವರ್ಷ ಆಯ್ತು. ಮೊದಲು ಜುಮ್ಮೆನ್ನೋದು. ಆಮೇಲೆ ಏನೂ ಇಲ್ಲ. ಎಡಗೈಯೂ ಅದೇ ದಾರಿ ಹಿಡಿದಿದೆ. ಮನೇಲಿ ಲೋಟ ಬೀಳಿಸಿದ್ರೆ ಅಮ್ಮ ಕಣ್ಣು ಕಾಣಲ್ವಾ ಅಂತ ಬೈತಾರೆ."

"ಯಾಕೆ ಯಾರಿಗೂ ಹೇಳಲಿಲ್ಲ?"

"ಏನಂತ ಹೇಳಲಿ? ಇಲ್ಲಿ ನನ್ನನ್ನ ಗುರುತಿಸೋದೇ ಈ ಬೆರಳಿನಿಂದ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೆನ್ನೆ ಒಂದಿತ್ತು. ಅದರಿಂದ ಹೇಗೋ ನಡೀತಿತ್ತು..."

ಅವಳು ಅಲ್ಲಿಗೇ ನಿಲ್ಲಿಸಿದಳು. ನಿಲ್ಲಿಸಿದ್ದು ತನ್ನ ಮೇಲಿನ ದಯೆಯಿಂದ ಎಂದು ಅವನಿಗೆ ತಿಳಿಯಿತು. ಅವನು ಅಕ್ಕರೆ ಎಂದುಕೊಂಡಿದ್ದದ್ದು ಅವಳ ಕೊನೆಯ ಆಸರೆಯಾಗಿತ್ತು. ಅದನ್ನು ಒಂದು ತಮಾಷೆಗಾಗಿ ಅವನೇ ಕಿತ್ತುಕೊಂಡಿದ್ದ.

"ಅದನ್ನ ಬಿಡಿಸಿದ್ದು ನಾನು," ಎಂದ.

"ನೀವು ತಮಾಷೆ ಮಾಡಿದ್ರಿ. ಬಾಯಿ ಬಿಟ್ಟು ಹೇಳಬೇಕಾಗಿದ್ದೋಳು ನಾನು."

"ಬುಧವಾರ ಮೀಟಿಂಗ್ ಇದೆ. ಕೇಳಿದ್ರೆ ನನಗೆ ಸುಳ್ಳು ಹೇಳೋಕಾಗಲ್ಲ. ಆ ವಾರ್ಡಿನಲ್ಲಿ ಇನ್ನೂ ಜನ ಮಲಗಿದಾರೆ. ಆದರೆ ನನ್ನ ಪಾಲನ್ನೂ ಹೇಳ್ತೀನಿ."

ಅವಳು ಕಾಗದವನ್ನು ಮಡಿಸಿ ಅವನಿಗೇ ಕೊಟ್ಟಳು. ಮತ್ತೆ ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಬುಧವಾರ ಸೂಪರಿಂಟೆಂಡೆಂಟ್ ಡಾಕ್ಟರ ಕೋಣೆಯಲ್ಲಿ ಐದು ಜನ ಸೇರಿದರು. ಡಾಕ್ಟರು ಮೆಕ್ಯಾನಿಕ್‌ಗೆ ನೇರವಾಗಿ ಕೇಳಿದರು: "ಯಂತ್ರದ್ದು ತಪ್ಪಾ?" ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ನಿಂತಳು.

"ಯಂತ್ರ ಸರಿಯಾಗೇ ಹೇಳಿತ್ತು ಡಾಕ್ಟ್ರೇ. ನಿಲ್ಲಿಸಿದೋಳು ನಾನು. ನನ್ನ ಬೆರಳಿಗೆ ಸ್ಪರ್ಶ ಇಲ್ಲ. ಗೊತ್ತಿದ್ದೂ ಮುಚ್ಚಿಟ್ಟೆ."

ದೊಡ್ಡಪ್ಪ ಕುರ್ಚಿಯಲ್ಲಿ ಕುಸಿದು ಕೂತರು. ಮೆಕ್ಯಾನಿಕ್ ತನ್ನ ಮಾತನ್ನೂ ಹೇಳಿದ. ಅದನ್ನು ಕೇಳಿಸಿಕೊಂಡವರು ಕಡಿಮೆ. ಸಿಸ್ಟರ್ ಎದ್ದು ಹೋಗಿ, ಬೈಯಬಹುದೆಂದು ಎಲ್ಲರೂ ಅಂದುಕೊಂಡಿರುವಾಗ, ಅವಳ ಬಲಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಹೆಬ್ಬೆರಳ ಬುಡದ ಮಾಂಸ ನೋಡಿ ಡಾಕ್ಟ್ರೇ. ಕರಗಿಹೋಗಿದೆ. ಮಣಿಕಟ್ಟಲ್ಲಿ ನರ ಒತ್ತಿದೆ." ಆಮೇಲೆ ಅವಳಿಗೆ, "ನಮ್ಮ ಆಸ್ಪತ್ರೇಲೇ ಇದ್ಕೊಂಡು ಇಷ್ಟು ದಿನ ಹೀಗಿದ್ಯಲ್ಲೇ," ಎಂದರು.

ಡಾಕ್ಟರು ಆಪರೇಷನ್ ಆಗಬೇಕೆಂದರು. ತಡವಾಗಿದೆ, ಸ್ಪರ್ಶ ಪೂರ್ತಿ ಮರಳುತ್ತದೆಂದು ಮಾತು ಕೊಡಲಾಗದು ಎಂದೂ ಹೇಳಿದರು. ಅಲ್ಲಿಯವರೆಗೆ ಅವಳು ಬಟನ್ ಮುಟ್ಟುವಂತಿರಲಿಲ್ಲ.

ಅವಳು ಅಲ್ಲಿಂದ ನೇರವಾಗಿ ಸುಟ್ಟಗಾಯದ ವಾರ್ಡಿಗೆ, ಆ ಹೆಂಗಸನ್ನು ಕಾಣಲು ಹೋದಳು. ಅವನು ಹೊರಗೆ ಬೆಂಚಿನ ಮೇಲೆ ಕಾದ. ಹೊರಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಏನಂದ್ರು?"

"ಕ್ಷಮಿಸಿದೀನಿ ಅನ್ನಲಿಲ್ಲ. 'ಇನ್ಮೇಲೆ ನನಗೆ ಹಾಸೋ ಶೀಟನ್ನ ಸರಿಯಾಗಿ ಒಣಗಿಸಿ ಕಳಿಸಮ್ಮ' ಅಂದ್ರು. ಅಷ್ಟೇ." ಅವಳು ಗೋಡೆಗೆ ಒರಗಿದಳು. "ಹೇಗೆ ಕಳಿಸಲಿ ಈಗ?"

"ನಂಗೆ ಹೇಳಿಕೊಡಿ," ಎಂದ ಅವನು. "ನನ್ನ ಸೆನ್ಸರ್‌ಗೆ ಒಣಗಿದ್ದು ಗೊತ್ತು. ಬಟ್ಟೆ ಗೊತ್ತಿಲ್ಲ."

ಹಾಗೆ ಶುರುವಾಯಿತು. ಮೂರು ವಾರ ಅವಳು ಕುರ್ಚಿಯ ಮೇಲೆ ಕೂತು ಹೇಳುತ್ತಿದ್ದಳು, ಅವನು ಯಂತ್ರದ ಪಕ್ಕ ನಿಂತು ಕೇಳುತ್ತಿದ್ದ. ದಪ್ಪ ಶೀಟು ಮೇಲೆ ಒಣಗಿದರೂ ಹೊಲಿಗೆಯಂಚು ಒಣಗುವುದು ಎಲ್ಲಕ್ಕಿಂತ ಕೊನೆಗೆ. ಪಟ್ಟಿಗೆ ತಾಗುವುದು ಬಟ್ಟೆಯ ಮೈ, ಅಂಚಲ್ಲ. ಬಟ್ಟೆ ತೀರಾ ಕಡಿಮೆ ಹಾಕಿದರೆ ಪಟ್ಟಿಯನ್ನು ಮುಟ್ಟುವುದೇ ಇಲ್ಲ, ಯಂತ್ರ ಒಣಗಿತೆಂದು ಮೋಸ ಹೋಗುತ್ತದೆ. ಟವೆಲ್‌ಗೆ ಒಂದು ಲೆಕ್ಕ, ಮಕ್ಕಳ ವಾರ್ಡಿನ ತೆಳು ಬಟ್ಟೆಗೆ ಇನ್ನೊಂದು. ಅವನು ಒಂದೊಂದನ್ನೂ ಬರೆದುಕೊಂಡು, ದಪ್ಪ ಬಟ್ಟೆಗೆ ಒಣಗಿದ ಮೇಲೂ ಏಳು ನಿಮಿಷ ಹೆಚ್ಚು ಓಡುವಂತೆ ಮಾಡಿದ. ಲೋಡು ಲೋಡಿಗೂ ಅಂಚು ಮುಟ್ಟಿ ನೋಡುವ ಕೆಲಸ ಅವನದಾಯಿತು.

"ಹೇಗಿದೆ?" ಅವಳು ಕೇಳುವಳು.

"ಒಣಗಿದೆ."

"ಯಾವ ಥರ ಒಣಗಿದೆ? ಗರಿಗರಿನಾ, ಮೆತ್ತಗಾ?"

"ಬಟ್ಟೆ ಥರ."

"ನಿಮ್ಮ ಹತ್ರ ಇರೋ ಬೆರಳು ನನ್ನ ಹತ್ರ ಇದ್ದಿದ್ರೆ ನಾನು ಇನ್ನೂ ನಾಲ್ಕು ಮಾತು ಹೇಳ್ತಿದ್ದೆ," ಎಂದು ಅವಳು ನಿಟ್ಟುಸಿರು ಬಿಡುವಳು. ಒಮ್ಮೊಮ್ಮೆ ಆ ನಿಟ್ಟುಸಿರಿನ ತುದಿಗೆ ಸಣ್ಣ ನಗು ಇರುತ್ತಿತ್ತು. ಆ ನಗು ಕಂಡ ದಿನ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ದೊಡ್ಡಪ್ಪ ಒಂದು ದಿನ ತಾವೇ ಬಂದು ಶೀಟಿನ ಅಂಚು ಹಿಡಿದು ನೋಡಿ, "ಸರಿ," ಎಂದಷ್ಟೇ ಹೇಳಿ ಹೋದರು.

ಕೆಲಸ ಮುಗಿಯಿತು. ಕಂಪನಿ ಅವನನ್ನು ಇನ್ನೊಂದು ಊರಿಗೆ ಕಳಿಸುವ ಆದೇಶ ಬಂತು. ಅವತ್ತು ಸಂಜೆ ಇಬ್ಬರೂ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಟೀ ಕುಡಿಯುತ್ತಾ ಕೂತಿದ್ದರು. ಅವಳು ಲೋಟವನ್ನು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದಿದ್ದಳು.

"ನಾನು ಹೋಗಲ್ಲ ಅಂತ ಬರೆದು ಕೊಟ್ಟಿದೀನಿ," ಎಂದ. "ಈ ಊರಿನ ಸರ್ವೀಸ್ ಕೆಲಸ ಕೇಳಿದೀನಿ. ಸ್ವಲ್ಪ ಚಿಕ್ಕ ಹುದ್ದೆ. ಸಾಕು."

"ಯಾಕೆ?"

"ನಿಮ್ಮ ಕೈ ಹಿಡಿಯೋಣ ಅಂತ."

ಅವಳು ಲೋಟವನ್ನು ಮೆಟ್ಟಿಲ ಮೇಲಿಟ್ಟಳು. "ಅಯ್ಯೋ ಪಾಪ ಅಂತ ಹೇಳ್ತಿದೀರಾ? ಇಲ್ಲಾ, ತಪ್ಪು ಮಾಡಿದೆ ಅನ್ನೋ ಸಂಕಟಕ್ಕಾ?"

"ಸಂಕಟ ಇದೆ. ಅದು ಸಾಯೋವರೆಗೂ ಇರತ್ತೆ. ಆದರೆ ನಾನು ನಿಮ್ಮನ್ನ ಮೆಚ್ಚಿದ್ದು ಅದಕ್ಕಿಂತ ಮುಂಚೆ. ಮೀಟಿಂಗಲ್ಲಿ ನೀವು ಎದ್ದು ನಿಂತ ಮೇಲಂತೂ ನನಗೆ ಬೇರೆ ಯಾರೂ ಕಾಣ್ಲಿಲ್ಲ."

"ಕೈ ಹಿಡಿದ್ರೂ ನನಗೆ ಗೊತ್ತಾಗಲ್ವಲ್ಲ."

"ಹೇಳಿಯೇ ಹಿಡೀತೀನಿ," ಎಂದ. "ಪ್ರತಿ ಸಲಾನೂ."

"ಮೊದಲು ಆಪರೇಷನ್ ಆಗಲಿ," ಎಂದು ಅವಳು ಎದ್ದು ಹೋದಳು.

ಆಪರೇಷನ್ನಿನ ಬೆಳಿಗ್ಗೆ ಅವನು ಕರೆಯದೆಯೇ ಬಂದು, ವೇಟಿಂಗ್ ಹಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದ. ಅವಳ ತಾಯಿ ಅವನನ್ನು ಕಂಡು, ಯಾರೆಂದು ಕೇಳದೆ, ಪಕ್ಕದ ಕುರ್ಚಿಯಲ್ಲಿ ತಮ್ಮ ಚೀಲ ಇಟ್ಟು, "ನೋಡ್ಕೊಳಪ್ಪಾ," ಎಂದು ಮಗಳ ಜೊತೆ ಕೌಂಟರಿಗೆ ಹೋದರು.

ಕೌಂಟರಿನ ಹೊಸ ನರ್ಸ್ ಫಾರಂ ತುಂಬಿಸುತ್ತಿದ್ದಳು. ಹೆಸರು, ವಯಸ್ಸು, ವಿಳಾಸ. "ಜೊತೆಗೆ ಯಾರಿದ್ದೀರಿ? ಅಮ್ಮ ಒಬ್ಬರೇನಾ?"

"ಅವರೂ ಇದಾರೆ," ಅವಳು ತಿರುಗಿ ಅವನ ಕಡೆ ತೋರಿಸಿದಳು. ಅವನು ಗಾಬರಿಯಿಂದ ಎದ್ದು ನಿಂತ. ಪಕ್ಕದ ಚೀಲವನ್ನೂ ಎತ್ತಿಕೊಂಡಿದ್ದ.

"ಅವರು ನಿಮಗೆ ಏನಾಗಬೇಕು?" ನರ್ಸ್ ತಲೆ ಎತ್ತದೆ ಕೇಳಿದಳು.

ಹಾಲಿನಲ್ಲಿ ಹತ್ತಾರು ಜನ ಇದ್ದರು. ತಾಯಿ ಮಗಳ ಮುಖ ನೋಡಿದರು. ಅವಳು ಅವನನ್ನೇ ನೋಡುತ್ತಾ, ಪ್ರತಿಯೊಂದು ಅಕ್ಷರವೂ ಅವನಿಗೆ ಕೇಳುವಂತೆ ಹೇಳಿದಳು:

"ಗಂಡ ಆಗಬೇಕು."

ನರ್ಸ್ ಪೆನ್ನು ಓಡಿಸಿದಳು. "ಗಂಡ," ಎಂದು ಬರೆದು, ಫಾರಂ ಮುಂದಕ್ಕೆ ತಳ್ಳಿದಳು.

"ಇನ್ನೂ ಆಗಿಲ್ಲ," ಎಂದಳು ಅವಳು ಮೆಲ್ಲಗೆ. "ಆಗಬೇಕು."

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. "ಬಾರಪ್ಪಾ," ಎಂದು ಅವನನ್ನು ಕರೆದರು. "ಸಹಿ ಹಾಕೋರು ಬೇಕಂತೆ ಇಲ್ಲಿ."